ಮಸ್ಕಿ–ಸಿಂಧನೂರು ಜೋಡಿ ಲೈನು

ಫೆಬ್ರವರಿ 10, ಸೋಮವಾರ, ಮಸ್ಕಿ

ನಮ್ಮ ಮನೆಯವರ ಅಂಗಡಿಗೆ ಬೀಜದ ಕಂಪನಿಯವರು ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೆ ಒಂದೊಂದು ಹುಳುವಿನ ಚಿತ್ರ, ಅದನ್ನು ಕೊಲ್ಲುವ ಬಗೆ. ಇವತ್ತು ಕಾಯಿಕೊರಕ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಡೈರಿ ಸಿಗಲಿಕ್ಕಿಲ್ಲ. ನಾನು ಬೈಯಬೇಕಾದವರು ಬಹಳ ಮಂದಿ ಇದ್ದಾರೆ, ಬಾಯಿಬಿಟ್ಟು ಬೈದರೆ ಗಿರಾಕಿಗಳು ಓಡಿಹೋಗುತ್ತಾರೆ.

ಮೊದಲು ಗಿರಾಕಿಗಳನ್ನೇ ಬೈಯುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಫೋನು ಶುರು. "ಅಕ್ಕಾರ, ವಿಡಿಯೋ ನಿಂತು ಚಕ್ರ ತಿರಗಾಕತ್ತೈತ್ರಿ." ತಿರುಗಲಿ ಬಿಡಪ್ಪ, ಭೂಮಿಯೂ ತಿರುಗುತ್ತದೆ. ಹಾಗೆ ಅನ್ನಲು ಬರುವುದಿಲ್ಲ. "ನೋಡ್ತೀವ್ರಿ" ಅನ್ನುತ್ತೇನೆ.

ನೋಡುವುದಕ್ಕೆ ಏನೂ ಇಲ್ಲ. ಮಸ್ಕಿಯ ಅರ್ಧ ಊರು, ಸಂತೆಕಲ್ಲೂರು, ಆ ಕಡೆ ಲಿಂಗಸೂಗೂರಿನ ಎರಡು ಓಣಿ, ಇಷ್ಟೂ ಮಂದಿಗೆ ಇಂಟರ್‌ನೆಟ್ ಬರುವುದು ಸಿಂಧನೂರಿನಿಂದ, ಕಂಬಗಳ ಮೇಲೆ ಹಾದುಬರುವ ಕೂದಲಿನಂಥ ಒಂದೇ ಗಾಜಿನ ಎಳೆಯಲ್ಲಿ. ಅಲ್ಲೊಂದು ಸ್ವಿಚ್ಚು, ಇಲ್ಲೊಂದು ಸ್ವಿಚ್ಚು. ಸ್ವಿಚ್ಚೆಂದರೆ ಲೈಟು ಹಚ್ಚುವುದಲ್ಲ, ಇಪ್ಪತ್ತನಾಲ್ಕು ತೂತಿನ ಕಬ್ಬಿಣದ ಪೆಟ್ಟಿಗೆ. ನಡುವಿನ ಎಳೆ ಹಗಲಿಗೆ ಸಾಕು, ಸಂಜೆಗೆ ಸಾಲದು. ಅದೇ ಕೇಬಲ್ಲಿನೊಳಗೆ ಇನ್ನೊಂದು ಎಳೆ ಖಾಲಿ ಬಿದ್ದಿದೆ. ಅದನ್ನೂ ಕೂಡಿಸಿದರೆ ತಾಪತ್ರಯ ತೀರುತ್ತದೆ.

ಆದರೆ ಕೂಡಿಸಬೇಕೆಂದರೆ ಸಿಂಧನೂರಿನ ಕಂಟ್ರೋಲ್ ರೂಮಿನಲ್ಲಿ ಕೂತಿರುವ ಮಹಾರಾಣಿಯ ಜೊತೆ ಮಾತಾಡಬೇಕು. ನನ್ನ ಮೈದುನ ಚನ್ನವೀರನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಹೆಸರು ಜಯಶ್ರೀ. ಈ ಡೈರಿಯಲ್ಲಿ ಆ ಹೆಸರು ಇನ್ನೊಮ್ಮೆ ಬರುವುದಿಲ್ಲ. ಮಾವನವರು ಕಟ್ಟಿದ ಕೇಬಲ್ ಧಂದೆ ಇದು. ಬೋರ್ಡಿನ ಮೇಲೆ ಗಂಡಸರ ಹೆಸರಿದೆ, ಪೆಟ್ಟಿಗೆಗಳ ಮುಂದೆ ಕೂತಿರುವವರು ನಾವಿಬ್ಬರು. ಕಾರ್ತಿಕದಿಂದ ನಮಗೆ ಮಾತಿಲ್ಲ. ನಾನಂತೂ ಬಹಳ ಸುಖವಾಗಿದ್ದೇನೆ.

ಫೆಬ್ರವರಿ 12, ಬುಧವಾರ

ಅತ್ತೆ ಕಸ್ತೂರೆಮ್ಮನವರು ಫೋನಿನಲ್ಲಿ ಪ್ರವಚನ ಕೇಳುತ್ತಿದ್ದರು. ನಾನು ಕೂರುವ ಮೇಲಿನ ಕಂಟ್ರೋಲ್ ರೂಮಿನ ಮೆಟ್ಟಿಲ ಕೆಳಗಿನಿಂದಲೇ ಕರೆದರು.

"ದಾನೇಶ್ವರಿ, ಸ್ವಾಮಿಗೋಳು ಬಾಯಿ ತಗದು ನಿಂತಾರ. ಮಾತು ಬರವಲ್ದು."

"ಸ್ವಲ್ಪ ತಡೀರಿ, ಬರ್ತೈತಿ."

"ಎಷ್ಟೊತ್ತು ತಡೀಲಿ? ಪಾಪ, ಅವರ ಗದ್ದ ನೋಯ್ತೈತಿ." ಆಮೇಲೆ, "ಅಕಿಗೆ ಒಂದು ಫೋನ್ ಹಚ್ಚಿದ್ರ ನಿನ್ನ ಬಾಯಾನ ಮುತ್ತು ಉದುರ್ತಾವೇನು?" ಎಂದರು.

ಉದುರುತ್ತವೆ. ಮೊದಲು ಕರೆಯಬೇಕಾದವಳು ಅವಳು.

ಕಾರ್ತಿಕದಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. ನಮ್ಮ ಕಡೆ ಶುಭಕಾರ್ಯಕ್ಕೆ ಕರೆಯುವುದೆಂದರೆ ಮನೆತನಕ ಬರಬೇಕು, ಕುಂಕುಮ ಹಚ್ಚಬೇಕು, "ಬರ್ರಿ" ಎಂದು ಬಾಯಿಂದ ಅನ್ನಬೇಕು. ಹಾಗೆ ಕರೆಯದಿದ್ದರೆ ಬಾಡಿಗೆಯವಳೂ ಹೋಗುವುದಿಲ್ಲ. ಅವಳು ಮಸ್ಕಿಗೆ ಬಂದು ಓಣಿ ಓಣಿ ತಿರುಗಿ, ಪಿಗ್ಮಿ ಕಟ್ಟಿಸಿಕೊಳ್ಳುವವನ ಹೆಂಡತಿಗೂ ಕುಂಕುಮ ಹಚ್ಚಿದಳು. ನಮ್ಮ ಮೆಟ್ಟಿಲು ಹತ್ತಿ ಬಂದು, ನೀರು ಕುಡಿದು, ಸಂತೆಕಲ್ಲೂರಿನ ಲೈನಿನಲ್ಲಿ ಏನು ದೋಷ ಎಂದು ವಿಚಾರಿಸಿ, ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ನನ್ನ ಹಣೆ ಅವಳ ಕಣ್ಣಿಗೆ ಬೀಳಲಿಲ್ಲ. ನನಗೆ ಬಂದದ್ದು ಮನೆಯವರ ವಾಟ್ಸಾಪ್ ಗುಂಪಿಗೆ ಚನ್ನವೀರ ಎಸೆದ ಕರೆಯೋಲೆಯ ಒಂದು ಪಿಡಿಎಫ್. ಅದೂ ಯಾರಿಗೋ ಕಳಿಸಿದ್ದನ್ನು ಮುಂದೆ ತಳ್ಳಿದ್ದು.

ತಲೆನೋವು ಎಂದು ಹೇಳಿ ಕಳಿಸಿ ಮನೆಯಲ್ಲೇ ಉಳಿದೆ. ತಲೆ ಬಹಳ ಚೆನ್ನಾಗಿತ್ತು. ಮರುದಿನ ಅವಳು ಫೋನ್ ಮಾಡಲಿಲ್ಲ. ನಾನು ಯಾಕೆ ಮಾಡಲಿ?

ಫೆಬ್ರವರಿ 17, ಸೋಮವಾರ

ನನ್ನ ಕಂಟ್ರೋಲ್ ರೂಮು ಎಷ್ಟು ಶಾಂತವಾಗಿದೆ ಎಂದರೆ ಫ್ಯಾನಿನ ಸದ್ದು ಕೇಳುತ್ತದೆ. ಮೊದಲು ಹೀಗಿರಲಿಲ್ಲ. ಬೆಳಿಗ್ಗೆ ಬಂದು ಕಸ ಹೊಡೆದು, ಸಿಂಧನೂರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಪೆಟ್ಟಿಗೆಯ ಮೇಲಿಟ್ಟರೆ ಸಂಜೆಯವರೆಗೂ ಅದು ಅಲ್ಲೇ. ಮಾತು ಇದ್ದರೂ ಸೈ, ಇಲ್ಲದಿದ್ದರೂ ಸೈ. ಅವಳ ಕಡೆ ಕುಕ್ಕರು ಸೀಟಿ ಹೊಡೆದರೆ ನಾನಿಲ್ಲಿ ಎಣಿಸಿ "ಇಳಿಸೇ" ಅನ್ನುತ್ತಿದ್ದೆ. ನನ್ನ ಕಡೆ ಗಿರಾಕಿ ಒದರಾಡಿದರೆ ಅವಳು ಅಲ್ಲಿಂದಲೇ ಅವನನ್ನು ಬೈಯುತ್ತಿದ್ದಳು. ಎರಡನೆಯ ಹೆಂಗಸಿನ ದನಿ ಎಲ್ಲಿಂದ ಬಂತೆಂದು ಅವನು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡುತ್ತಿದ್ದ.

ಮದುವೆಯಾಗಿ ಬಂದಾಗ ಅವಳಿಗೆ ತಂತಿಯ ತುದಿ ಸುಲಿಯಲೂ ಬರುತ್ತಿರಲಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಕಲಿಸಿದ್ದು ನಾನು. ಕಲಿಸಬಾರದಿತ್ತು.

ಈಗ ನಮ್ಮಿಬ್ಬರ ನಡುವೆ ಮಾತಿನ ಸಾಗಾಣಿಕೆ ಲೈನ್‌ಮನ್ ಬುಡ್ಡೇಸಾಬನದು. ಮಾವನ ಕಾಲದಿಂದ ಇರುವವನು, ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ. ನಾನು ಬೈದದ್ದನ್ನು ಅಲ್ಲಿಗೆ ಒಯ್ಯುವಾಗ ದಾರಿಯಲ್ಲಿ ಅರ್ಧ ಚೆಲ್ಲಿಬಿಡುತ್ತಾನೆ ಎಂದು ನನಗೆ ಗುಮಾನಿ.

ಫೆಬ್ರವರಿ 22, ಶನಿವಾರ

ನಾಳೆ ಭಾರತ–ಪಾಕಿಸ್ತಾನ ಮ್ಯಾಚು. ಈಗಿನ ಒಂದು ಎಳೆಯಲ್ಲಿ ಅದು ಬರುವುದಿಲ್ಲ ಎಂಬುದು ನನಗೂ ಗೊತ್ತು, ದೇವರಿಗೂ ಗೊತ್ತು. ಒಂದು ಉಪಾಯ ಹೊಳೆದಿದೆ. ಬುಡ್ಡೇಸಾಬ ನಾಳೆ ಮಹಾರಾಣಿ ಊಟಕ್ಕೆ ಎದ್ದಾಗ ಖಾಲಿ ಎಳೆಯನ್ನು ಅವಳ ಪೆಟ್ಟಿಗೆಗೆ ಚುಚ್ಚುತ್ತಾನೆ. ನಾನು ಇಲ್ಲಿ ಚುಚ್ಚುತ್ತೇನೆ. ಎರಡು ಎಳೆ, ಎರಡು ಪಟ್ಟು. ಇಷ್ಟಕ್ಕೆ ಯಾರನ್ನೂ ಕೇಳುವ ಅಗತ್ಯವಿಲ್ಲ.

"ಅವರಿಗೆ ಒಂದು ಮಾತು ಹೇಳಲೇನ್ರಿ ಅಕ್ಕಾರ?" ಎಂದ.

"ಚುಚ್ಚೋದು ಚುಚ್ಚಿ ಬಾರಪ್ಪ."

ಫೆಬ್ರವರಿ 23, ಭಾನುವಾರ

ಬರೆಯಲು ಮನಸ್ಸಿಲ್ಲ. ಎರಡನೆಯ ಎಳೆ ಚುಚ್ಚಿದ ಕೂಡಲೇ ಪೆಟ್ಟಿಗೆಯ ಎಲ್ಲಾ ದೀಪಗಳು ಒಟ್ಟಿಗೇ ಕುಣಿಯತೊಡಗಿದವು, ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ. ಚೆಂದ ಕಂಡಿತು. ಆಮೇಲೆ ಎಲ್ಲ ಬಂದ್.

ಈ ಎಳೆಯಿಂದ ಹೋದದ್ದು ಆ ಎಳೆಯಿಂದ ತಿರುಗಿ ಬಂದು, ಮತ್ತೆ ಹೋಗಿ, ಮತ್ತೆ ಬಂದು, ಗಾಣದೆತ್ತಿನಂತೆ ಸುತ್ತಿದೆ. ಮಸ್ಕಿ ಹೋಯಿತು, ಲಿಂಗಸೂಗೂರು ಹೋಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಸಿಂಧನೂರೂ ಹೋಯಿತು, ಸಾಲಗುಂದವೂ ಹೋಯಿತು, ನಿರಾಶ್ರಿತರಾಗಿ ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನವರು ಬಂಗಾಳಿಯಲ್ಲಿ ಬೈದರಂತೆ. ಎಲ್ಲ ಕಡೆ ಒಮ್ಮೆಲೇ ಕ್ರಿಕೆಟ್ ನಿಂತಿತು.

ಊಟ ಅರ್ಧಕ್ಕೆ ಬಿಟ್ಟು ಓಡಿಬಂದು ಆ ಎಳೆ ಕಿತ್ತವಳು ಅವಳು. ಆದರೂ ಫೋನ್ ಮಾಡಿ ಬೈಯಲಿಲ್ಲ. ಬೈಯಬಹುದಿತ್ತು. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಫೆಬ್ರವರಿ 24, ಸೋಮವಾರ

ಚನ್ನವೀರ ಬಂದಿದ್ದ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು. ನಮ್ಮ ಮನೆಯವರು ಕೋಣೆಯ ಮೂಲೆಯಲ್ಲಿಟ್ಟ ಬೀಜದ ಚೀಲದ ಮೇಲೆ ಕೂತು ಚಾವಣಿ ನೋಡುತ್ತಿದ್ದರು. ಶಿವಕಾಂತ ಎಂಬ ಹೆಸರಿನ ಈ ಮನುಷ್ಯ ತಮ್ಮನ ಮುಂದೆ ಯಾವಾಗಲೂ ಚಾವಣಿಯನ್ನೇ ನೋಡುವುದು.

"ಅತ್ತಿಗಿ, ಮಸ್ಕಿ ಮಾರಿಬಿಡೋಣು," ಎಂದ ಚನ್ನವೀರ.

"ಊರನ್ನ ಮಾರ್ತೀಯೇನು?"

"ಮಸ್ಕಿ ಲೈನು, ಮಸ್ಕಿ ಗಿರಾಕಿ, ಈ ಖೋಲಿ. ದೊಡ್ಡ ಕಂಪನಿಯವರು ಕೇಳಾಕತ್ತಾರ. ದಿನಾ ಸಂಜಿಕ ಮಂದಿ ಕಡೆ ಬೈಸಿಕೊಂಡು ಸಾಕಾಗೈತಿ. ನಿನ್ನೆ ಅಂತೂ ನನ್ನ ಬೀಗರು ಫೋನ್ ಮಾಡಿ ಬೈದ್ರು."

"ಲೈನು ಸರಿ ಮಾಡ್ತೀನಿ."

"ಯುಗಾದಿ ತನಕ ನೋಡ್ತೀನ್ರಿ. ಸರಿ ಆದ್ರ ಇಟ್ಕೋರಿ. ಇಲ್ಲಂದ್ರ ಅವತ್ತೇ ಸಹಿ."

ಹೋದ. ನಾನು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತೆ. ಕೆಳಗೆ ಮನೆಯಲ್ಲಿ ನಾನು ಸೊಸೆ, ಹೆಂಡತಿ, ಹಿರಿಯಳು, ಇನ್ನೂ ಏನೇನೋ. ಈ ಮೆಟ್ಟಿಲು ಹತ್ತಿ ಬಂದು ಫೋನೆತ್ತಿದರೆ "ಮಸ್ಕಿ ಕಂಟ್ರೋಲ್ ರೂಮ್" ಅನ್ನುತ್ತೇನೆ, ಆ ಕಡೆಯವನು "ಮೇಡಂ" ಅನ್ನುತ್ತಾನೆ. ಈ ಕೋಣೆ ಹೋದರೆ ನಾನು ಇಡೀ ದಿನ ಕೆಳಗೇ ಇರಬೇಕು. ಅಂಜಿಕೆಯಾಗಿದೆ. ಹುಳುವಿನ ಚಿತ್ರದ ಪಕ್ಕ ಬರೆಯುತ್ತಿದ್ದೇನೆ, ಯಾರೂ ನೋಡುವುದಿಲ್ಲ. ಬಹಳ ಅಂಜಿಕೆಯಾಗಿದೆ.

ಮಾರ್ಚ್ 1, ಶನಿವಾರ

ಪೆಟ್ಟಿಗೆ ಮಾರಿದ ಅಂಗಡಿಯ ಎಂಜಿನಿಯರ್ ಸಂಗನಬಸವ ಹುಬ್ಬಳ್ಳಿಯವನು. ಅವನ ಹತ್ತಿರ ಫೋನಿನಲ್ಲಿ ಪಾಠ ಹೇಳಿಸಿಕೊಂಡೆ. ಮೊದಲು ಚೆನ್ನಾಗಿ ನಕ್ಕ. ಆಮೇಲೆ, ಎಳೆಗಳು ಇನ್ನೊಮ್ಮೆ ಸುತ್ತು ಹಾಕದಂತೆ ಎರಡೂ ಕಡೆ ತಡೆ ಹಾಕಬೇಕೆಂದ.

"ಸುಮ್ಮ ಚುಚ್ಚಿದ್ರ ಆಗಂಗಿಲ್ರಿ ಮೇಡಂ. ಎರಡೂ ಎಳಿ ಕೂಡಿಸಿ ಕಟ್ಟಬೇಕು, ಇವು ಎರಡಲ್ಲ ಒಂದ ಅಂತ ಎರಡೂ ಪೆಟಿಗೀನೂ ಒಪ್ಪಬೇಕು. ಒಂದು ಒಪ್ಪಿ ಇನ್ನೊಂದು ಒಪ್ಪಲಿಲ್ಲಂದ್ರ ಕಟ್ಟು ಬೀಳಂಗಿಲ್ಲ. ಅಲ್ಲೀತನಕ ಹಳೇ ಎಳಿ ಒಂದ ನಡೀತೈತಿ, ಎರಡನೇದು ಸುಮ್ಮ ಕೂಡ್ತೈತಿ."

ಒಪ್ಪಿಸುವುದು ಹೇಗೆಂದರೆ, ಒಂದು ಪೆಟ್ಟಿಗೆ ಇನ್ನೊಂದನ್ನು "ಕೂಡೋಣ ಬಾ" ಎಂದು ಕರೆಯುತ್ತದೆ, ಅದು "ಹೂಂ" ಅನ್ನುತ್ತದೆ. ಇದಕ್ಕೆ ಎರಡು ಬಗೆಯ ಸೆಟ್ಟಿಂಗು. ಆ್ಯಕ್ಟಿವ್ ಎಂದರೆ ತಾನೇ ಮೊದಲು ಕರೆಯುವುದು. ಪ್ಯಾಸಿವ್ ಎಂದರೆ ಸುಮ್ಮನಿದ್ದು, ಕರೆದರೆ ಮಾತ್ರ ಓಗೊಡುವುದು.

ಅವಳಿಗೆ ಹೇಳಬೇಕಾದದ್ದನ್ನೆಲ್ಲ ಬುಡ್ಡೇಸಾಬನಿಗೆ ಬಾಯಿಪಾಠ ಮಾಡಿಸಿ ಕಳಿಸಿದೆ. ಯಾರು ಆ್ಯಕ್ಟಿವ್, ಯಾರು ಪ್ಯಾಸಿವ್ ಎಂದು ಹೇಳಲಿಲ್ಲ. ಹೇಳುವುದೇನಿದೆ? ನಾನು ಹಿರಿಯಳು. ನನ್ನ ಪೆಟ್ಟಿಗೆಯನ್ನು ಪ್ಯಾಸಿವ್‌ಗೆ ಹಾಕಿದೆ.

ಮಾರ್ಚ್ 4, ಮಂಗಳವಾರ

ಎರಡೂ ಕಡೆ ಎಲ್ಲ ಆಗಿದೆ. ಕಟ್ಟು ಬೀಳಲಿಲ್ಲ. ಎರಡನೆಯ ಎಳೆ ಸಂಗನಬಸವ ಹೇಳಿದಂತೆ ಸುಮ್ಮನೆ ಕೂತಿದೆ. ಕೇಬಲ್ಲಿನಲ್ಲೇ ದೋಷ ಇರಬೇಕು.

ಮಾರ್ಚ್ 7, ಶುಕ್ರವಾರ

ಬುಡ್ಡೇಸಾಬ ಮೂರು ದಿನದಿಂದ ಕಂಬ ಹತ್ತುತ್ತಿದ್ದಾನೆ. ಅಳಿಲು ಕಡಿದಿರಬಹುದು ಎಂದೆ. ಕಡಿದಿಲ್ಲ. ಬೆಸುಗೆ ಬಿಟ್ಟಿರಬಹುದು ಎಂದೆ. ಬಿಚ್ಚಿ ಮತ್ತೆ ಹಾಕಿದ. ಮೊಳದುದ್ದದ ಮೀಟರು ಹಿಡಿದು ನೋಡಿ, "ಬೆಳಕು ಬರೋಬ್ಬರಿ ಐತ್ರಿ ಅಕ್ಕಾರ. ಎಳಿ ನಿಮ್ಮ ಮನಸ್ಸಿನಷ್ಟ ಸ್ವಚ್ಛ ಐತಿ," ಎಂದ. ಅವನು ಹೀಗೆ ಹೇಳಿದಾಗ ಏನೋ ಕುಹಕ ಇರುತ್ತದೆ.

ಅವಳು ಹೇಗಿದ್ದಾಳೆ ಎಂದು ಕೇಳಿದೆ. ತಾಂತ್ರಿಕ ಕಾರಣಕ್ಕೆ ಕೇಳಿದ್ದು. ಪೆಟ್ಟಿಗೆಯ ಮುಂದೆ ಕೂತಿರುತ್ತಾಳೋ ಇಲ್ಲವೋ ಗೊತ್ತಾಗಬೇಕಲ್ಲ. ಬೆನ್ನು ನೋವಂತೆ, ದಿಂಬು ಇಟ್ಟುಕೊಂಡು ಕೂರುತ್ತಾಳಂತೆ. ಮೊದಲಿನಿಂದಲೂ ಹಾಗೆಯೇ, ಕುರ್ಚಿಯ ತುದಿಯಲ್ಲಿ ಕೂರಬೇಡ ಎಂದು ಸಾವಿರ ಸಲ ಹೇಳಿದ್ದೆ.

ಮಾರ್ಚ್ 9, ಭಾನುವಾರ

ಕ್ರಿಕೆಟ್ ಫೈನಲ್. ಕಪ್ಪು ನಮಗೇ ಬಂತು. ಮಸ್ಕಿಯಲ್ಲಿ ಡಿಶ್ ಇದ್ದವರು ಮೊದಲು ಪಟಾಕಿ ಹಚ್ಚಿದರು, ಆ ಸದ್ದು ಕೇಳಿ ನಮ್ಮ ಗಿರಾಕಿಗಳಿಗೆ ಗೆದ್ದದ್ದು ಗೊತ್ತಾಯಿತು. ಅವರ ಫೋನಿನಲ್ಲಿ ಆಗ ಇನ್ನೂ ಬಾಲು ಕೈಯಲ್ಲೇ ಇತ್ತು. ಏನೇನು ಬೈದರೋ ಅದನ್ನು ಇಲ್ಲಿ ಬರೆಯಲಾರೆ, ಇದು ಕೃಷಿ ಡೈರಿ.

ಮಾರ್ಚ್ 12, ಬುಧವಾರ

ಸಂಗನಬಸವನಿಗೆ ಮತ್ತೆ ಫೋನ್ ಮಾಡಿದೆ. ಪೆಟ್ಟಿಗೆಯೊಳಗೆ ಒಂದು ಕೋಷ್ಟಕ ಇದೆ, ಆ ಕಡೆಯ ಪೆಟ್ಟಿಗೆ ಏನು ಹೇಳಿತು ಎಂಬುದು ಅದರಲ್ಲಿ ಬರುತ್ತದೆ, ಓದಿ ಎಂದ. ಓದಿದೆ.

"ಎಲ್ಲಾ ಸೊನ್ನಿ ಅದಾವ."

"ಅಂದ್ರ ಆ ಕಡೆಯಿಂದ ಒಂದು ಮಾತೂ ಬಂದಿಲ್ಲ. ನಿಮ್ಮ ಕಡೆ ಯಾವ ಸೆಟ್ಟಿಂಗ್ ಹಾಕೀರಿ?"

"ಪ್ಯಾಸಿವ್."

"ಆ ಕಡೆ?"

ಬುಡ್ಡೇಸಾಬ ಅವತ್ತು ಸಿಂಧನೂರಿನಲ್ಲಿದ್ದ. ಅವನಿಗೆ ಫೋನ್ ಮಾಡಿ, ಅವನು ಅವಳನ್ನು ಕೇಳಿ, ಹೇಳಿದ. ಅಲ್ಲಿಯೂ ಪ್ಯಾಸಿವ್.

ಅದನ್ನು ಸಂಗನಬಸವನಿಗೆ ಹೇಳಿದೆ. "ಮೇಡಂ, ನಾ ಹತ್ತು ವರ್ಷ ಈ ಕೆಲಸ ಮಾಡಾಕತ್ತೀನಿ. ಒಂದು ಕಡೆ ಆ್ಯಕ್ಟಿವ್ ಇಡ್ತಾರ, ಇಲ್ಲಂದ್ರ ಎರಡೂ ಕಡೆ ಇಡ್ತಾರ. ಎರಡೂ ಕಡೆ ಪ್ಯಾಸಿವ್ ಇಟ್ಟು ಒಬ್ಬರ ಮುಖ ಒಬ್ಬರು ನೋಡ್ಕೊಂತ ಕುಂತವರನ್ನ ನೋಡಿದ್ದ ಇಲ್ಲ. ಯಾರರ ಒಬ್ಬರು ಒಂದು ಶಬ್ದ ಬದಲಿ ಮಾಡ್ರಿ, ಮುಗೀತು."

ಅಂದರೆ ಬುಡ್ಡೇಸಾಬ ಸುಮ್ಮನೆ ಅಷ್ಟು ಕಂಬ ಹತ್ತಿದ. ಅವಳಿಗೆ ಎಷ್ಟು ಸೊಕ್ಕು ನೋಡಿ. ಪ್ಯಾಸಿವ್ ಅಂತೆ.

ಮಾರ್ಚ್ 13, ಗುರುವಾರ

"ಅಕಿಗೆ ಹೇಳು, ಆ್ಯಕ್ಟಿವ್ ಮಾಡು ಅಂತ," ಎಂದು ಬುಡ್ಡೇಸಾಬನನ್ನು ಕಳಿಸಿದೆ.

ಸಂಜೆ ಉತ್ತರ ತಂದ. "ಅಕ್ಕಾರು ದೊಡ್ಡವರು, ಅವರ ಮೊದಲು ಕರೀಲಿ ಅಂದ್ರು."

"ದೊಡ್ಡವರನ್ನ ಸಣ್ಣವರು ಕರೀಬೇಕು ಅಂತ ಹೇಳಬೇಕಿತ್ತಲ್ಲೋ."

"ಹೇಳಿದೆ. ಮನಿಗೆ ಬರಲಾರ್ದವರು ದೊಡ್ಡವರು ಹ್ಯಾಂಗ ಆಗ್ತಾರ ಅಂದ್ರು."

"ಕರೀಲಾರ್ದ ಹ್ಯಾಂಗ ಬರ್ತಾರ ಅನ್ನು."

"ಅಕ್ಕಾರ," ಎಂದು ಅವನು ಹೆಲ್ಮೆಟ್ಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಮೂವತ್ತು ಕಿಲೋಮೀಟರ್ ಐತ್ರಿ ಹಾದಿ. ಪೆಟ್ರೋಲು ನಂದು."

ನಾನೇ ಬದಲಿಸಬಹುದು. ಒಂದು ಶಬ್ದ. ಯಾರಿಗೂ ಗೊತ್ತಾಗದಿದ್ದರೆ ಇಷ್ಟು ಹೊತ್ತಿಗೆ ಬದಲಿಸಿಯೇಬಿಡುತ್ತಿದ್ದೆ. ಆದರೆ ಕಟ್ಟು ಬಿದ್ದ ಮೇಲೆ ಅವಳ ಕೋಷ್ಟಕದಲ್ಲಿ ಕಾಣುತ್ತದೆ: ಮಸ್ಕಿ, ಆ್ಯಕ್ಟಿವ್. ಮಸ್ಕಿಯವಳೇ ಮೊದಲು ಕರೆದಳು ಎಂದು. ಅವಳು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಅದನ್ನು ಓದಬಹುದು.

ಮಾರ್ಚ್ 16, ಭಾನುವಾರ

ಬುಡ್ಡೇಸಾಬನ ಹೆಂಡತಿ ಪೀರ್‌ಬೀ ಶೇಂಗಾ ಹೋಳಿಗೆ ಕಳಿಸಿದ್ದಳು. ಅವನು ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತ.

"ಅಕ್ಕಾರ, ಒಂದು ಮಾತು. ಸಿಟ್ಟಾಗಬಾರ್ದು."

"ಆಗ್ತೀನಿ. ಹೇಳು."

"ಗೃಹಪ್ರವೇಶದ ದಿನ ನಾ ಅಲ್ಲೇ ವೈರಿಂಗ್ ನೋಡ್ಕೊಂತ ಇದ್ದೆ. ಬಂದವರನ್ನ ಬಾಗಲಾಗ ಎದುರುಗೊಳ್ಳಾಕ ಯಾರೂ ಇರಲಿಲ್ಲ. ಆರತಿ ತಾಟು, ಹೊಸ ಇಳಕಲ್ ಸೀರಿ, ಎರಡೂ ಒಂದು ಸ್ಟೂಲ್ ಮ್ಯಾಲೆ ಇಟ್ಟಿದ್ರು. ಯಾರೋ ಹೆಣಮಗಳು, ನಾ ಹಿಡೀಲೇನು ತಾಟು ಅಂದ್ಲು. ಜಯಶ್ರೀ ಅಕ್ಕಾರು, ಬ್ಯಾಡ, ನಮ್ಮಕ್ಕ ಬರ್ತಾಳ, ಅಕಿ ಹಿಡೀತಾಳ ಅಂದ್ರು. ಅಕಿನ್ನ ಕರದೀಯೇನು ಅಂತ ಕೇಳಿದ್ಲು. ಅದಕ್ಕ ಇವರು, ಮನಿ ಮಂದಿನ ಯಾರು ಕರೀತಾರ ಅಂದ್ರು."

"ಆಮ್ಯಾಲೆ?"

"ಆಮ್ಯಾಲೆ ಏನ್ರಿ. ಹೊತ್ತು ಏರಿತು. ಆರತಿ ಆರಿ ಹೋತು. ಸೀರಿ ಒಳಗ ಒಯ್ದು ಇಟ್ರು."

ಹೇಳುವುದಕ್ಕೆ ಬಹಳ ಚೆಂದ. ಹಾಗಿದ್ದರೆ "ನೀ ಬಂದು ಬಾಗಿಲಲ್ಲಿ ನಿಲ್ಲಬೇಕು" ಎಂದು ನನಗೆ ಹೇಳಬಾರದಿತ್ತೇ? ನಾನೇನು ಕನಸು ಕಾಣಬೇಕೇ? ಬುಡ್ಡೇಸಾಬನಿಗೂ ಇಷ್ಟು ದಿನ ಬಾಯಿ ಇರಲಿಲ್ಲವೇ?

ಹೋಳಿಗೆ ತಿನ್ನಲಿಲ್ಲ. ಹಸಿವಿಲ್ಲ.

ಮಾರ್ಚ್ 17, ಸೋಮವಾರ

ಸೀರೆ ಯಾವ ಬಣ್ಣದ್ದಿತ್ತು ಎಂದು ಬುಡ್ಡೇಸಾಬನನ್ನು ಕೇಳಿದೆ. ಹಸಿರು, ಕೆಂಪು ಅಂಚು ಎಂದ. ನನಗೆ ಹಸಿರು ಒಪ್ಪುತ್ತದೆ.

ಮಾರ್ಚ್ 20, ಗುರುವಾರ

ದೊಡ್ಡ ಕಂಪನಿಯವರು ಇಬ್ಬರು ಬಂದಿದ್ದರು. ಒಬ್ಬ ಟೇಪು ಹಿಡಿದು ಕೋಣೆ ಅಳೆದ. ಇನ್ನೊಬ್ಬ ನನ್ನನ್ನು ನೋಡಿ, "ಇಲ್ಲಿ ಆಪರೇಟರ್ ಯಾರು?" ಎಂದು ಕೇಳಿದ. ನಾನು ಎಂದೆ. ಕಂಪನಿ ಬಂದ ಮೇಲೆ ಎಲ್ಲವೂ ದೂರದಿಂದಲೇ ನಡೆಯುತ್ತದೆ, ಇಲ್ಲಿ ಯಾರೂ ಬೇಕಾಗುವುದಿಲ್ಲ ಎಂದ. ಬಹಳ ಮರ್ಯಾದೆಯಿಂದ ಹೇಳಿದ. ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಅವರು ಹೋದ ಮೇಲೆ ಮನೆಯವರು ಮೇಲೆ ಬಂದರು. ಚಾವಣಿ ನೋಡಲಿಲ್ಲ, ನನ್ನನ್ನೇ ನೋಡಿದರು. "ನಾ ಚನ್ನವೀರಗ ಹೇಳಲೇನು, ಮಾರೂದು ಬ್ಯಾಡ ಅಂತ?" ಎಂದರು.

"ಬ್ಯಾಡ್ರಿ. ಲೈನು ಕೆಟ್ಟೈತಿ. ಅದನ್ನ ಮಾತಿಲೆ ಸರಿ ಮಾಡಾಕ ಬರಂಗಿಲ್ಲ."

ಹೇಳಿದ ಮೇಲೆ, ಅದು ಸರಿಯೋ ತಪ್ಪೋ ಎಂದು ಬಹಳ ಹೊತ್ತು ಯೋಚಿಸಿದೆ.

ಮಾರ್ಚ್ 22, ಶನಿವಾರ

ಇವತ್ತಿನಿಂದ ಐಪಿಎಲ್. ಎರಡು ತಿಂಗಳು ದಿನಾ ಸಂಜೆ ಇದೇ ಗೋಳು. ಮೊದಲ ಬಾಲು ಬೀಳುವ ಮೊದಲೇ ಫೋನುಗಳು ಶುರುವಾದವು. ಎಂಟನೆಯದನ್ನು ಎತ್ತಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಸೆಟ್ಟಿಂಗಿನ ಸಾಲು ತೆರೆದೆ. ಪ್ಯಾಸಿವ್ ಅಳಿಸಿದೆ. ಆ್ಯಕ್ಟಿವ್ ಎಂದು ಹೊಡೆದೆ. ಎಂಟರ್ ಒತ್ತುವ ಮೊದಲು ಮಹಾರಾಣಿಗೆ ಮನಸ್ಸಿನಲ್ಲಿ ಎರಡು ಕೆಟ್ಟ ಮಾತು ಬೈದೆ, ಆಮೇಲೆ ಒತ್ತಿದೆ.

ಹತ್ತು ಎಣಿಸುವಷ್ಟರಲ್ಲಿ ಎರಡನೆಯ ಎಳೆಯ ದೀಪ ಹಸಿರಾಯಿತು. ಅಷ್ಟು ದಿನ ಒಂದೂ ಮಾತಾಡದ ಪೆಟ್ಟಿಗೆ, ಕರೆದ ಕೂಡಲೇ "ಹೂಂ" ಅಂದಿತ್ತು. ಕೋಷ್ಟಕ ತೆಗೆದು ನೋಡಿದೆ. ಸೊನ್ನೆಗಳಿರಲಿಲ್ಲ. ಈ ಕಡೆ: ಆ್ಯಕ್ಟಿವ್. ಆ ಕಡೆ: ಪ್ಯಾಸಿವ್. ಕರೆದವಳು ನಾನು ಎಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂದಿದೆ. ಇರಲಿ. ಓದಿಕೊಳ್ಳಲಿ. ಬೇಕಿದ್ದರೆ ಚೌಕಟ್ಟು ಹಾಕಿಸಿಕೊಳ್ಳಲಿ.

ಫೋನು ನಿಂತವು. ಊರಿನಲ್ಲಿ ಯಾರೋ ಸಿಕ್ಸರಿಗೆ ಕೂಗಿದರು. ಪಟಾಕಿಗಿಂತ ಮೊದಲೇ ಕೂಗಿದರು.

ಮಾರ್ಚ್ 25, ಮಂಗಳವಾರ

ಮೂರು ಸಂಜೆ ಸರಿಯಾಗಿ ನಡೆದಿದೆ. ಗಿರಾಕಿಗಳು ಮಾತ್ರ ಗಿರಾಕಿಗಳೇ. ಹನುಮಂತರಾಯ ಎಂಬುವವನು ಫೋನ್ ಮಾಡಿ, "ಎರಡು ಲೈನ್ ಮಾಡೀರಂತ, ನನಗ ಡಬಲ್ ಸ್ಪೀಡ್ ಬರವಲ್ದು," ಎಂದು ತಕರಾರು ತೆಗೆದ. ಹಾಗೆ ಬರುವುದಿಲ್ಲ. ಒಬ್ಬೊಬ್ಬನಿಗೆ ಹೆಚ್ಚು ಸಿಗುವುದಿಲ್ಲ, ಮಂದಿಯ ಭಾರ ಎರಡು ಎಳೆಗೆ ಹಂಚಿಹೋಗುತ್ತದೆ, ಯಾವುದೂ ಒಂಟಿಯಾಗಿ ಏದುಸಿರು ಬಿಡುವುದಿಲ್ಲ. ಅವನಿಗೆ ಇದನ್ನು ವಿವರಿಸಿ ಬಾಯಿ ನೋವಾಯಿತು.

ಸಂಜೆ ಚನ್ನವೀರನ ಫೋನ್. "ಅತ್ತಿಗಿ, ಕಂಪನಿಯವರಿಗೆ ಬ್ಯಾಡಂದೆ. ಲೈನ್ ಸರಿ ಆದ್ರ ಇಟ್ಕೋರಿ ಅಂದಿದ್ದೆ, ಮಾತು ಅಂದ್ರ ಮಾತು."

"ಸರಿ ಆಗೈತಿ ಅಂತ ಯಾರು ಹೇಳಿದ್ರು?"

"ಯಾರು ಹೇಳ್ತಾರ? ಮನ್ಯಾಗ ಒಬ್ಬಾಕಿ ಅದಾಳಲ್ಲ. ಮುಂಜಾನೆ ಚಾ ಕೊಡೋದು ಬಿಟ್ಟು ಮಸ್ಕಿ ಲೈನಿನ ಗ್ರಾಫ್ ತೋರಸಾಕತ್ತಾಳ. ನೋಡ್ರಿ ಹ್ಯಾಂಗ ಹೊಂಟೈತಿ, ನೋಡ್ರಿ ಹ್ಯಾಂಗ ಹೊಂಟೈತಿ. ನನಗ ಚಾ ಬೇಕಿತ್ತು."

ಕೋಣೆ ಉಳಿಯಿತು. ಒಂದು ಸಲ ಕುರ್ಚಿಯಲ್ಲೇ ಸುತ್ತು ತಿರುಗಿದೆ. ಯಾರೂ ಇರಲಿಲ್ಲ.

ಜಯಶ್ರೀ ಮಾತ್ರ ಫೋನ್ ಮಾಡಿಲ್ಲ. ನಾನು ಕರೆದಾಗಿದೆ, ಇನ್ನೇನು ಮಾಡಬೇಕು? ಗ್ರಾಫು ಗಂಡನಿಗೆ ತೋರಿಸುತ್ತಾಳಂತೆ, ಗ್ರಾಫು.

ಮಾರ್ಚ್ 28, ಶುಕ್ರವಾರ

ಕುರ್ಚಿಗೆ ಕಟ್ಟುವ ಬೆನ್ನಿನ ದಿಂಬು ಲಿಂಗಸೂಗೂರಿನಲ್ಲಿ ಸಿಗುತ್ತದಂತೆ. ಆ ಕಡೆ ಹೋಗುವ ಬುಡ್ಡೇಸಾಬನಿಗೆ ಎರಡು ತರಲು ಹೇಳಿದೆ. ಒಂದೇ ತಂದರೆ ಸರಿ ಕಾಣುವುದಿಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ. ಪಕ್ಕದಲ್ಲಿ ಕೂತ ಅಜ್ಜ ಬಗ್ಗಿ ಬಗ್ಗಿ ಓದುತ್ತಿದ್ದಾನೆ. ಓದು ಅಜ್ಜ, ಹುಳುವಿನ ವಿಷಯವೇ ಇದೆ.

ಬೆಳಿಗ್ಗೆ ಬೇವು-ಬೆಲ್ಲ ಆಯಿತು. ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಇದ್ದಕ್ಕಿದ್ದಂತೆ ಮೂರು ಫೋನು. ಲೈನು ಒಂದು ಗಳಿಗೆ ಹೋಗಿ ಬಂತಂತೆ. ಕೈ ತೊಳೆಯದೆ ಮೇಲೆ ಓಡಿದೆ. ಹಬ್ಬದ ದಿನವೂ ಬಿಡುವುದಿಲ್ಲವಲ್ಲ, ಯಾರನ್ನು ಬೈಯಬೇಕೆಂದು ಕೋಷ್ಟಕ ತೆಗೆದೆ.

ಈ ಕಡೆ: ಆ್ಯಕ್ಟಿವ್. ಆ ಕಡೆ: ಆ್ಯಕ್ಟಿವ್.

ಮತ್ತೊಮ್ಮೆ ತೆಗೆದು ನೋಡಿದೆ. ಅದೇ ಇತ್ತು. ಆ ಕಡೆ ಕೂತವಳು, ಹಬ್ಬದ ಮುಂಜಾನೆ, ನಡೆಯುತ್ತಿರುವ ಲೈನನ್ನು ಒಂದು ಗಳಿಗೆ ಬೀಳಿಸಿ, ಆ ಒಂದು ಶಬ್ದ ಬದಲಿಸಿದ್ದಾಳೆ. ಅದಕ್ಕೆ ಯಾವ ಅಗತ್ಯವೂ ಇರಲಿಲ್ಲ. ಒಂದು ಕಡೆ ಕರೆದರೆ ಸಾಕು, ಕಟ್ಟು ಬಿದ್ದು ಎಂಟು ದಿನವಾಗಿದೆ. ಎರಡು ಕಡೆ ಕರೆದರೆ ವೇಗ ಹೆಚ್ಚಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಸಂಗನಬಸವನನ್ನು ಕೇಳಿದರೆ ದಂಡದ ಕೆಲಸ ಅನ್ನುತ್ತಾನೆ. ಹುಚ್ಚಿ. ನಮ್ಮ ಜಯಾ ಶುದ್ಧ ಹುಚ್ಚಿ.

ಕೆಳಗಿಳಿದು ರುಬ್ಬಿದ ಹೂರಣವನ್ನು ಹಾಗೇ ಡಬ್ಬಿಗೆ ತುಂಬಿದೆ. ಕುಂಕುಮದ ಭರಣಿ, ಬೆನ್ನಿನ ದಿಂಬು ಚೀಲಕ್ಕೆ ಹಾಕಿಕೊಂಡೆ. ಮನೆಯವರು ಬಾಗಿಲಲ್ಲಿ ಬೇವಿನ ತೋರಣ ಕಟ್ಟುತ್ತಿದ್ದರು.

"ಹಬ್ಬದ ದಿನ ಎಲ್ಲಿಗೆ ಹೊಂಟಿ?"

"ಸಿಂಧನೂರಿಗೆ."

"ಯಾಕ, ಅವರು ಕರದಾರೇನು?"

ಅತ್ತೆ ಒಳಗಿನಿಂದ ಕಿವಿ ಕೊಟ್ಟದ್ದು ಗೊತ್ತಾಯಿತು. ನಾನು ಚಪ್ಪಲಿ ಮೆಟ್ಟಿಕೊಂಡೆ.

"ಮನಿ ಮಂದಿನ ಯಾರು ಕರೀತಾರ್ರಿ?" ಎಂದೆ.